ಭಾವನ ಕಾರಿಗೆ ಮೂರು ವಿಮೆ

ನಮ್ಮ ಭಾವನಷ್ಟು ಒಳ್ಳೆಯ ಗಿರಾಕಿ ಸಾಗರದ ಪೇಟೆಯಲ್ಲಿ ಇನ್ನೊಬ್ಬರಿಲ್ಲ. ಚೌಕಾಸಿ ಮಾಡುವುದಿಲ್ಲ, ಸಾಲ ಹೇಳುವುದಿಲ್ಲ, ಅಂಗಡಿಯವರ ಮನೆಮಂದಿಯ ಕ್ಷೇಮ ವಿಚಾರಿಸದೆ ಸಾಮಾನಿನ ಹೆಸರು ಎತ್ತುವುದಿಲ್ಲ. ಆದರೂ ಅವರು ರಸ್ತೆಯ ತುದಿಯಲ್ಲಿ ಕಂಡರೆ ಸಾಕು, ಅಂಗಡಿಯವರು ಗೋದಾಮಿನೊಳಗೆ ಹೋಗಿ ಅವಿತುಕೊಳ್ಳುತ್ತಾರೆ! ಯಾಕೆ ಅಂತೀರಾ? ಭಾವ ಒಂದು ವಸ್ತು ಕೊಳ್ಳುವುದಕ್ಕೆ ಬರುವುದು ಒಂದು ಸಲ. ಅದನ್ನು ವಾಪಸ್ ಕೊಡುವುದಕ್ಕೆ ಬರುವುದು ಎರಡು ಸಲ. ಅದು ಹೇಗೆ ಸಾಧ್ಯ ಎಂದು ಕೇಳಬೇಡಿ. ಭಾವನಿಗೆ ಸಾಧ್ಯ.

ಭಾವ ಅಂದರೆ ನನ್ನ ಅಕ್ಕನ ಗಂಡ. ಸರ್ಕಾರಿ ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್ ಆಗಿದ್ದು ನಿವೃತ್ತರಾದವರು. ಔಷಧಿ ಒಮ್ಮೆ ಕಿಟಕಿಯಿಂದ ಆಚೆ ಹೋದರೆ ಮತ್ತೆ ಒಳಗೆ ತೆಗೆದುಕೊಳ್ಳುವ ಹಾಗಿಲ್ಲವಂತೆ. ಕೆಲಸದಲ್ಲಿದ್ದಷ್ಟು ಕಾಲ ಜನರಿಗೆ "ವಾಪಸ್ ಇಲ್ಲ, ವಾಪಸ್ ಇಲ್ಲ" ಎಂದು ಹೇಳಿ ಹೇಳಿ ಆ ಮಾತಿನ ಮೇಲೇ ಅವರಿಗೆ ಹಗೆ ಹುಟ್ಟಿರಬೇಕು. ಈಗ ಸೇಡು ತೀರಿಸಿಕೊಳ್ಳುತ್ತಿದ್ದಾರೆ.

ಈ ಸೇಡಿಗೆ ಮೊದಲು ಬಲಿಯಾದವಳು ನಾನೇ. ತೀರ್ಥಹಳ್ಳಿಯಲ್ಲಿ ನನ್ನದೊಂದು ಮ್ಯಾಚಿಂಗ್ ಸೆಂಟರ್ ಇದೆ. ರವಿಕೆ ಬಟ್ಟೆ, ಫಾಲ್ಸು, ಲಂಗ, ಲೇಸು, ಗುಂಡಿ. ಸೀರೆಗೆ ಹೊಂದುವ ಬಣ್ಣ ಹುಡುಕಿಕೊಡುವುದೇ ನನ್ನ ಕಸುಬು. ಒಮ್ಮೆ ಭಾವ ಅಕ್ಕನಿಗೆಂದು ನೇರಳೆ ಬಣ್ಣದ ರವಿಕೆ ಬಟ್ಟೆ ತೆಗೆದುಕೊಂಡು ಹೋದರು. ನಾದಿನಿಯ ಅಂಗಡಿ ಎಂದು ಸಾಗರದಿಂದ ಅಷ್ಟು ದೂರ ಬಂದಿದ್ದಾರಲ್ಲ ಎಂದು ನನಗೋ ಹಿಗ್ಗು. ಮರುದಿನವೇ ಹಾಜರು.

"ಪುಟ್ಟಿ, ಇದು ನಿನ್ನ ಅಂಗಡಿ ಲೈಟಲ್ಲಿ ನೇರಳೆ. ಸಾಗರದ ಬಿಸಿಲಲ್ಲಿ ಬದ್ನೇಕಾಯಿ."

ಬೇರೆ ಕೊಟ್ಟೆ. ಎರಡು ದಿನ ಬಿಟ್ಟು ಅದೂ ವಾಪಸ್ ಬಂತು. ಅದು ಮೋಡದಲ್ಲಿ ಬೂದಿ ಬಣ್ಣಕ್ಕೆ ತಿರುಗುತ್ತದಂತೆ! ಆ ವಾರವೇ ನಾನು "ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ" ಎಂದು ಬೋರ್ಡು ಬರೆಸಿದೆ. ಭಾವ ಬಂದು ಕನ್ನಡಕ ಏರಿಸಿ ಓದಿದರು. "ಬದಲಾಯಿಸಿ ಕೊಡಲ್ಲ ಅಂತ ಬರ್ದಿಲ್ವಲ್ಲ?" ಎಂದರು. ಎರಡನೆಯ ಸಾಲು ಬರೆಸಿದೆ. "ಕತ್ತರಿಸದೇ ಇರೋ ಬಟ್ಟೆಗೂ ಇದೇ ಕಾನೂನಾ?" ಮೂರನೆಯ ಸಾಲು. ಸಂವಿಧಾನಕ್ಕೆ ತಿದ್ದುಪಡಿ ಆಗುವಂತೆ ನನ್ನ ಬೋರ್ಡಿಗೂ ಆಗುತ್ತಿರುತ್ತದೆ. ಎಲ್ಲ ತಿದ್ದುಪಡಿಗೂ ಕಾರಣಪುರುಷರು ಒಬ್ಬರೇ.

ಸಾಮಾನಿನ ಕತೆ ಬಿಡಿ, ಜೀವ ಇರುವುದನ್ನೂ ಅವರು ಬಿಟ್ಟವರಲ್ಲ. ನಗರ ಎಂಬ ಊರಿನ ಗೆಳೆಯರೊಬ್ಬರ ಮನೆಯಿಂದ ಒಂದು ನಾಯಿಮರಿ ತಂದರು. ಒಂದು ವಾರ ನೋಡಿ, ಕುಕ್ಕರ್ ಸೀಟಿ ಹೊಡೆದರೆ ಬೊಗಳುತ್ತದೆ, ಕಳ್ಳ ಬಂದರೆ ಬೊಗಳುತ್ತದೆ ಎಂದು ಏನು ಗ್ಯಾರಂಟಿ ಎನ್ನುತ್ತ ವಾಪಸ್ ಬಿಟ್ಟು ಬಂದರು. ಮನೆಗೆ ಬಂದು ನೋಡಿದರೆ ಮನೆ ಬಿಕೋ ಎನ್ನುತ್ತಿದೆ. ಮತ್ತೆ ನಗರಕ್ಕೆ ಹೋದರು. ಗೆಳೆಯರು ಮರಿಯನ್ನು ಎತ್ತಿಕೊಂಡು ಬಾಗಿಲಲ್ಲೇ ನಿಂತು, "ಈ ಸಲ ತಗಂಡ್ ಹೋದ್ರೆ ಇನ್ನು ಈ ಕಡೆ ತರ ಹಂಗಿಲ್ಲ ಮಾರಾಯ್ರೇ" ಎಂದು ಆಣೆ ಹಾಕಿಸಿಕೊಂಡು ಕೊಟ್ಟರಂತೆ. ಇಷ್ಟೆಲ್ಲ ಓಡಾಟದಲ್ಲಿ ಆ ಬಡ ನಾಯಿಗೆ ಯಾವ ಮನೆ ಕಾಯಬೇಕೆಂದೇ ತಿಳಿಯದೆ, ಕಂಡ ಕಂಡವರಿಗೆಲ್ಲ ಬಾಲ ಅಲ್ಲಾಡಿಸುವುದನ್ನು ಕಲಿತುಬಿಟ್ಟಿತು!

ಇಂಥ ಭಾವನಿಗೆ ಒಂದು ದಿನ ಹೊಸ ವಿಷಯ ಗೊತ್ತಾಯಿತು. ಅಕ್ಕನಿಗೂ ಅವರಿಗೂ ಸೇರಿಸಿ ಆರೋಗ್ಯವಿಮೆ ಮಾಡಿಸಿದಾಗ ಅದನ್ನು ಮಾಡಿಕೊಟ್ಟ ಏಜೆಂಟರು, "ಪಾಲಿಸಿ ಕೈಗೆ ಬಂದ ಮೇಲೆ ನಿಧಾನಕ್ಕೆ ಓದಿ ಸಾರ್. ಸರಿ ಕಾಣ್ಲಿಲ್ಲ ಅಂದ್ರೆ ಇಂತಿಷ್ಟು ದಿನದೊಳಗೆ ವಾಪಸ್ ಕೊಡ್ಬೋದು, ಅದಕ್ಕೆ ಅವಕಾಶ ಇದೆ" ಎಂದರು. ಆ ಮಾತು ಕೇಳಿದಾಗ ಭಾವನ ಮುಖ ನೋಡಬೇಕಿತ್ತು ಎಂದು ಅಕ್ಕ ಈಗಲೂ ಹೇಳುತ್ತಾಳೆ. ಮೊಮ್ಮಗು ಹುಟ್ಟಿದ ಸುದ್ದಿ ಬಂದಾಗಲೂ ಅಷ್ಟು ಅರಳಿರಲಿಲ್ಲವಂತೆ! ಕೊಂಡದ್ದನ್ನು ಯೋಚಿಸಿ ಹಿಂದಕ್ಕೆ ಕೊಡುವ ಹಕ್ಕು ಮನುಷ್ಯನಿಗಿದೆ ಎಂದು ಎಲ್ಲೋ ಯಾರೋ ಪುಣ್ಯಾತ್ಮರು ಕಾನೂನು ಬರೆದಿದ್ದಾರೆ. ಇಷ್ಟು ವರ್ಷ ಜಗತ್ತೆಲ್ಲ ತನ್ನನ್ನು ಅರೆಹುಚ್ಚ ಎಂದಿತು; ಈಗ ನೋಡಿದರೆ ತಾನು ಕಾನೂನಿಗಿಂತ ಮುಂದೆ ಹುಟ್ಟಿದವನು! ಆ ಪಾಲಿಸಿಯನ್ನೇನೂ ಅವರು ವಾಪಸ್ ಕೊಡಲಿಲ್ಲ. ಕೊಡಬಹುದು ಎಂಬ ಸಂತೋಷದಲ್ಲೇ ಇಟ್ಟುಕೊಂಡರು.

ಅದನ್ನು ಮಾಡಿಕೊಟ್ಟವರು ಹೊಸನಗರದ ಮಂಜಪ್ಪನವರು. ನನ್ನ ಗಂಡನ ಹಳೆಯ ಸ್ನೇಹಿತರು, ಹೊಸನಗರದಲ್ಲಿ ಯಾರ ಮನೆಯಲ್ಲಿ ಗಾಡಿ ಕೊಂಡರೂ ಪೂಜೆಗೆ ಭಟ್ಟರು, ವಿಮೆಗೆ ಮಂಜಪ್ಪ ಎನ್ನುವಷ್ಟು ಹೆಸರು. ಭಾವ ನಿವೃತ್ತಿಯಾದ ಮೇಲೆ ಡ್ರೈವಿಂಗ್ ಕಲಿತು ಸೆಕೆಂಡ್ ಹ್ಯಾಂಡ್ ಕಾರು ಕೊಂಡಾಗ ಮತ್ತೆ ಅವರನ್ನೇ ಕರೆತಂದವಳೂ ನಾನೇ. ಕಾರು ಸಣ್ಣದು, ಬೂದು ಬಣ್ಣದ್ದು. ಕೊಳ್ಳುವ ಮುನ್ನ ಭಾವ ಅದನ್ನು ಎಷ್ಟು ಸಲ ಓಡಿಸಿ ನೋಡಿದರೆಂದರೆ, ಮಾರುವವರಿಗೆ ಇದು ಮಾರಾಟವೋ ಬಾಡಿಗೆಯೋ ಎಂದು ಅನುಮಾನ ಬಂದಿತ್ತು.

ಮಂಜಪ್ಪ ಪಾಲಿಸಿ ಮಾಡಿಸಿ, ಮುದ್ರಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟರು. ನೀವು ನಾವೆಲ್ಲ ಏನು ಮಾಡುತ್ತೇವೆ? ಕಾರಿನ ಡ್ಯಾಶ್‌ಬೋರ್ಡಿನೊಳಗೆ ತುರುಕಿ, ಪೊಲೀಸರು ಕೈ ಅಡ್ಡ ಹಾಕಿದಾಗ ಹುಡುಕುತ್ತೇವೆ. ಭಾವ ಅದನ್ನು ಓದಿದರು! ಮಾತ್ರೆಯ ಪಟ್ಟಿಯ ಹಿಂದೆ ಬರೆದಿದ್ದನ್ನೆಲ್ಲ ಓದಿ ರೂಢಿಯಾದ ಕಣ್ಣು. ಜಗಲಿಯಲ್ಲಿ ಕೂತು, ಬೆರಳಿಟ್ಟು, ಒಂದು ಬೆಳಗ್ಗೆಯೆಲ್ಲ ಓದಿದರು. ಆಮೇಲೆ ಎದ್ದು, ಅಂಗಿ ಹಾಕಿಕೊಂಡು, ಅಕ್ಕನಿಗೆ, "ನಾ ಇದನ್ನ ವಾಪಸ್ ಕೊಟ್ಟು ಬರ್ತೀನಿ" ಎಂದರು.

"ಎಂತ ಆಯ್ತು ಅದಕ್ಕೆ?" ಎಂದಳು ಅಕ್ಕ.

"ಸರಿ ಇಲ್ಲ."

ಅಷ್ಟೇ. ಅಕ್ಕನಿಗೆ ಆಶ್ಚರ್ಯವಾಗಲಿಲ್ಲ. ಮದುವೆಯಾಗಿ ಇಷ್ಟು ವರ್ಷದಲ್ಲಿ "ಸರಿ ಇಲ್ಲ" ಎಂಬ ಮಾತನ್ನು ಅವಳು ಸುಪ್ರಭಾತದ ಹಾಗೆ ಕೇಳಿದ್ದಾಳೆ.

ಸಾಗರದಲ್ಲಿದ್ದ ಆ ಕಂಪನಿಯ ಕಚೇರಿಗೆ ಹೋದರು. ಅಲ್ಲೊಬ್ಬಳು ಹುಡುಗಿ ಕಂಪ್ಯೂಟರ್ ಮುಂದೆ ಕೂತಿದ್ದಳು. ಮುಂದಿನದ್ದನ್ನು ಭಾವನೇ ಅಭಿನಯಸಹಿತ ನನಗೆ ಹೇಳಿದ್ದರಿಂದ ನಾನೂ ಹಾಗೇ ಹೇಳುತ್ತೇನೆ.

"ಇದನ್ನ ವಾಪಸ್ ತಗಳಮ್ಮ. ಓದಿ ನೋಡಿ ವಾಪಸ್ ಕೊಡಕ್ಕೆ ದಿನ ಕೊಟ್ಟಿರ್ತಾರಲ್ಲ, ಅದರೊಳಗೇ ಬಂದಿದೀನಿ."

"ಸಾರ್, ಅದು ಆರೋಗ್ಯದ ಪಾಲಿಸಿಗೆ, ಜೀವವಿಮೆಗೆ. ಗಾಡಿಗಿಲ್ಲ."

"ಯಾಕೆ? ಗಾಡಿಗೆ ಆರೋಗ್ಯ ಬೇಡ್ವಾ?"

ಹುಡುಗಿಗೆ ಟ್ರೇನಿಂಗಿನಲ್ಲಿ ಈ ಪ್ರಶ್ನೆಗೆ ಉತ್ತರ ಕಲಿಸಿರಲಿಲ್ಲ. ಸಾವರಿಸಿಕೊಂಡು, "ಬೇಕಾದ್ರೆ ಕ್ಯಾನ್ಸಲ್ ಮಾಡ್ಬೋದು ಸಾರ್. ಇಷ್ಟು ದಿನದ್ದು ಹಿಡ್ಕೊಂಡು ಉಳಿದಿದ್ದು ಕೊಡ್ತೀವಿ" ಎಂದಳು.

"ಇಷ್ಟು ದಿನ ಗಾಡಿ ಶೆಡ್ಡಲ್ಲೇ ನಿಂತಿತ್ತಲ್ಲಮ್ಮ?"

"ಶೆಡ್ಡಲ್ಲಿದ್ರೂ ನಮ್ಮದೇ ಹೊಣೆ ಸಾರ್."

"ಹೊಣೆ ಅಂದ್ರೆ? ನಿಮ್ಮವರು ಯಾರಾದ್ರೂ ಶೆಡ್ಡಲ್ಲಿ ಬಂದು ಮಲಗಿದ್ರಾ?"

ಅಷ್ಟರಲ್ಲಿ ಹಿಂದಿದ್ದವರೆಲ್ಲ ನಗಲು ಶುರುಮಾಡಿದ್ದರಂತೆ. ಹುಡುಗಿಯೂ ನಕ್ಕು, ಆಮೇಲೆ ನಿಜವಾದ ಗಂಟು ಬಿಚ್ಚಿದಳು. ಕಾರಿನ ವಿಮೆ ಸುಮ್ಮನೆ ರದ್ದಾಗುವುದಿಲ್ಲ. ವಿಮೆ ಇಲ್ಲದೆ ಗಾಡಿ ರಸ್ತೆಗೆ ಇಳಿಯುವಂತಿಲ್ಲವಾದ್ದರಿಂದ, ಅದೇ ಗಾಡಿಗೆ ಬೇರೆ ಪಾಲಿಸಿ ಮಾಡಿಸಿದ್ದೇನೆ ಎಂದು ತೋರಿಸಿದರೆ ಮಾತ್ರ ಹಳೆಯದನ್ನು ಬಿಡಬಹುದು. ಮಂಗ ಹಿಂದಿನ ಕೊಂಬೆ ಬಿಡಬೇಕಾದರೆ ಮುಂದಿನ ಕೊಂಬೆ ಕೈಗೆ ಸಿಕ್ಕಿರಬೇಕಲ್ಲ, ಹಾಗೆ! ಭಾವ ಅಲ್ಲೇ ಮುಂದಿನ ಕೊಂಬೆ ಹಿಡಿದರು. "ಹಂಗಾದ್ರೆ ಇನ್ನೊಂದು ಮಾಡು" ಎಂದರು. ಹುಡುಗಿ ಪಾಪ, ಹಿರಿಯರಿಗೆ ತೊಂದರೆ ಬೇಡವೆಂದು ಹಳೆಯ ಪಾಲಿಸಿಯನ್ನು ಎದುರಿಗಿಟ್ಟುಕೊಂಡು ಅದರಲ್ಲಿದ್ದದ್ದನ್ನೇ ಅಚ್ಚುಕಟ್ಟಾಗಿ ಹೊಸದಕ್ಕೆ ಇಳಿಸಿ ಕೊಟ್ಟಳು.

ಭಾವ ಮನೆಗೆ ಬಂದು ಜಗಲಿಯಲ್ಲಿ ಕೂತು ಅದನ್ನೂ ಓದಿದರು. ಅದೂ ಸರಿ ಇರಲಿಲ್ಲ!

ಈಗ ಎರಡನೆಯದನ್ನು ಬಿಡುವುದಕ್ಕೆ ಮೂರನೆಯದು ಬೇಕು. ಒಂದು ಬೆಳಗ್ಗೆ ನಾನು ಅಂಗಡಿ ಬಾಗಿಲು ತೆಗೆಯುತ್ತಿರುವಾಗಲೇ ಬೂದು ಕಾರು ಬಂದು ನಿಂತಿತು. ಕೋಣಂದೂರಿನಲ್ಲಿ ತಿಂಡಿ ಮುಗಿಸಿ ಬಂದಿದ್ದರು. ನನ್ನ ಪಕ್ಕದಲ್ಲಿ ಸುಮಾ ಎನ್ನುವವಳು ಆನ್‌ಲೈನ್ ಸೆಂಟರ್ ಇಟ್ಟುಕೊಂಡಿದ್ದಾಳೆ. ಆಧಾರ್ ತಿದ್ದುಪಡಿಯಿಂದ ಗಾಡಿ ವಿಮೆಯ ತನಕ ಎಲ್ಲ ಮಾಡುತ್ತಾಳೆ. ಭಾವನಿಗೆ ಬೇಕಾಗಿದ್ದು ನಾನಲ್ಲ, ಸುಮಾ.

"ಭಾವ, ಒಂದು ಕಾರಿಗೆ ಎಷ್ಟು ವಿಮೆ? ಇಡೀ ಶಿವಮೊಗ್ಗ ಜಿಲ್ಲೆಯಲ್ಲಿ ಇಷ್ಟು ಭದ್ರ ಇರೋ ಕಾರು ಇನ್ನೊಂದಿಲ್ಲ. ಒಂದು ಗೀರು ಬಿದ್ರೆ ಮೂರು ಕಡೆಯವರು ಓಡಿ ಬರ್ಬೇಕು!"

"ನೀ ನಗು. ನಂಗೆ ಬೇಕಾದಂಗೆ ಮಾಡಿಕೊಡೋರು ಒಬ್ರೂ ಸಿಕ್ಕಿಲ್ಲ."

"ಬೇಕಾದ್ದು ಅಂದ್ರೆ ಎಂತದು?"

"ನಿಂಗೆ ಗಿರಾಕಿ ಬಂದಿದಾರೆ ನೋಡು" ಎಂದು ನನ್ನನ್ನು ಸಾಗಹಾಕಿದರು. ನಿಜಕ್ಕೂ ಯಾರೋ ಫಾಲ್ಸು ಕೇಳಿಕೊಂಡು ಬಂದಿದ್ದರು. ನಾನು ಅವರನ್ನು ಕಳಿಸಿ ಬರುವುದರೊಳಗೆ ಭಾವ ಸುಮಾಳ ಪಕ್ಕದ ಸ್ಟೂಲಿನಲ್ಲಿ ಕೂತು, ಪರದೆಗೆ ಮೂಗು ತಾಗಿಸಿಕೊಂಡು, ಮೆಲ್ಲಗೆ ಏನೋ ಹೇಳಿ ಮಾಡಿಸಿಕೊಂಡು, ಮುದ್ರಿಸಿಯೂ ಆಗಿತ್ತು. ಅಲ್ಲೇ ನಿಂತು ಓದಿದರು. ತಲೆಯಾಡಿಸಿದರು. ಸರಿ ಇದೆಯಂತೆ! ನಾನು ಸುಮಾಳಿಗೆ ಕೈ ಮುಗಿದೆ.

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮುಗಿಯಲಿಲ್ಲ. ಯಾಕೆಂದರೆ ಅದರ ಹಿಂದಿನ ದಿನವಷ್ಟೇ ಮಂಜಪ್ಪನವರು ನನ್ನ ಅಂಗಡಿಗೆ ಬಂದಿದ್ದರು. ಯಾವಾಗಲೂ ನಾಲ್ಕು ಮಾತು ಜಾಸ್ತಿಯೇ ಆಡುವ ಮನುಷ್ಯ ಅಂದು ಕೊಟ್ಟ ಮಜ್ಜಿಗೆಯನ್ನೂ ಕುಡಿಯದೆ ಕೂತಿದ್ದರು.

"ಅಕ್ಕ, ನಿಮ್ಮ ಭಾವನೋರಿಗೆ ನಾನೆಂತ ಮೋಸ ಮಾಡಿದೀನಿ? ಒಂದ್ ಮಾತು ಹೇಳಿದ್ರೆ ನಾನೇ ಸರಿ ಮಾಡಿ ಕೊಡ್ತಿದ್ದೆ. ನೇರ ಆಫೀಸಿಗೆ ಹೋಗಿ ವಾಪಸ್ ಕೊಟ್ರು. ಈಗ ಊರಲ್ಲಿ ಎಂತ ಹೇಳ್ತಾರೆ ಗೊತ್ತಾ? 'ಆಸ್ಪತ್ರೆಲಿ ಔಷಧಿ ಕೊಡ್ತಿದ್ದೋರೇ ಪೂರ್ತಿ ಓದಿ ನೋಡಿ ವಾಪಸ್ ಕೊಟ್ರಂತೆ, ಅದರಲ್ಲಿ ಎಂತೋ ಇದೆ' ಅಂತ. ನಿನ್ನೆ ಇಬ್ರು ತಮ್ಮ ಪಾಲಿಸಿ ಹಿಡ್ಕೊಂಡು ಮನೆಗೇ ಬಂದಿದ್ರು."

ನನಗೆ ಎಲ್ಲಿ ಮುಖ ಇಟ್ಟುಕೊಳ್ಳಲಿ ಎನ್ನುವಂತಾಯಿತು. ಭಾವನ ಹುಚ್ಚಾಟಕ್ಕೆ ಇಷ್ಟು ದಿನ ಅಂಗಡಿಯವರು ಬೈದುಕೊಂಡು ನಗುತ್ತಿದ್ದರು. ಮಂಜಪ್ಪನವರದು ನಗುವ ವಿಷಯವಲ್ಲ. ಅವರ ಕಸುಬು ನಿಂತಿರುವುದೇ ಊರಿನವರ ನಂಬಿಕೆಯ ಮೇಲೆ. ಪಾಲಿಸಿಯಲ್ಲಿ ಏನಿದೆ ಎಂದು ಜನ ಓದುವುದಿಲ್ಲ, ಮಂಜಪ್ಪನ ಮುಖ ನೋಡಿ ಸಹಿ ಹಾಕುತ್ತಾರೆ. ಅಂಥ ಮುಖಕ್ಕೇ ಭಾವ ಮಸಿ ಬಳಿದಿದ್ದರು.

ಹಾಗಾಗಿ ಬೆಳಗ್ಗೆ ತಮಾಷೆಯಲ್ಲಿ ನುಂಗಿಕೊಂಡಿದ್ದ ಸಿಟ್ಟನ್ನೆಲ್ಲ ಇಟ್ಟುಕೊಂಡು, ಮೂರನೆಯ ಪಾಲಿಸಿ ಕೈಗೆ ಬಂದ ಆ ದಿನವೇ ನಾನು ಅಂಗಡಿಯನ್ನು ಸುಮಾಳಿಗೆ ನೋಡಿಕೊಳ್ಳಲು ಹೇಳಿ ಕಾರು ಹತ್ತಿದೆ. "ನಡೀರಿ ಹೊಸನಗರಕ್ಕೆ" ಎಂದೆ. ದಾರಿಯುದ್ದಕ್ಕೂ ಬೈದೆ. ನಾನು ಭಾವನಿಗೆ ಹಾಗೆ ಬೈದದ್ದು ಅದೇ ಮೊದಲು. ಎಲ್ಲದಕ್ಕೂ ಒಂದು ವಾದ ಇಟ್ಟುಕೊಂಡಿರುವ ಮನುಷ್ಯ ಸುಮ್ಮನೆ ಸ್ಟೇರಿಂಗ್ ಹಿಡಿದು ಕೂತಿದ್ದರು. "ಹೌದಾ? ಮಂಜಪ್ಪಂಗೆ ಹಂಗೆಲ್ಲ ಹೇಳಿದ್ರಾ?" ಎಂದಷ್ಟೇ ಕೇಳಿ, ಗಾಡಿ ಸ್ವಲ್ಪ ಜೋರು ಮಾಡಿದರು.

ಮಂಜಪ್ಪನವರು ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಸಿಕ್ಕರು. ಮಧ್ಯಾಹ್ನದ ಹೊತ್ತು, ಹೋಟೆಲ್ ತುಂಬ ಜನ, ಮುಕ್ಕಾಲು ಪಾಲು ಮಂಜಪ್ಪನ ಗಿರಾಕಿಗಳೇ. ಭಾವನನ್ನು ಕಂಡು ಮಂಜಪ್ಪ ತಟ್ಟೆಯ ಕಡೆ ಮುಖ ತಿರುಗಿಸಿದರು. ಭಾವ ಹೋಗಿ ಅವರ ಎದುರಿನ ಬೆಂಚಿನಲ್ಲಿ ಕೂತು, ಆಸ್ಪತ್ರೆಯ ಕಿಟಕಿಯಿಂದ ಟೋಕನ್ ನಂಬರ್ ಕೂಗುತ್ತಿದ್ದ ಅದೇ ದನಿಯಲ್ಲಿ, ಇಡೀ ಹೋಟೆಲಿಗೆ ಕೇಳುವಂತೆ ಹೇಳಿದರು:

"ಮಂಜಪ್ಪ, ನಿಮ್ಮ ಪಾಲಿಸಿಲಿ ಒಂದಕ್ಷರ ತಪ್ಪಿರ್ಲಿಲ್ಲ. ಆಫೀಸಲ್ಲೂ ಇನ್ನೊಂದು ಮಾಡ್ಸಿ ನೋಡ್ದೆ, ಅದೂ ಹಂಗೇ ಇತ್ತು. ತಪ್ಪೆಲ್ಲ ನನ್ನ ತಲೇದು. ವಾಪಸ್ ಕೊಡದೇ ಇದ್ರೆ ನಂಗೆ ನಿದ್ದೆ ಬರಲ್ಲ, ಅದೊಂದು ಕಾಯಿಲೆ ಅಂತ ತಿಳ್ಕಳ್ಳಿ. ಬೇಕಾದ್ರೆ ಇವ್ಳನ್ನೇ ಕೇಳಿ, ನಾಯಿಮರಿನೂ ವಾಪಸ್ ಕೊಟ್ಟಿದೀನಿ!"

ಗಲ್ಲಾದ ಹತ್ತಿರ ಕೂತಿದ್ದವರೊಬ್ಬರು ನಕ್ಕರು, ಅವರ ಹಿಂದೆ ಹೋಟೆಲಿಗೆ ಹೋಟೆಲೇ ನಕ್ಕಿತು. ಮಂಜಪ್ಪನೂ ನಕ್ಕು, "ಎಂತ ಭಾವ ನೀವು! ಒಂದ್ ಫೋನ್ ಮಾಡಕ್ಕೆ ಎಂತ ಆಗಿತ್ತು?" ಎಂದು ಬೆಂಚಿನಲ್ಲಿ ಸರಿದು ನನಗೂ ಜಾಗ ಕೊಟ್ಟರು. ನಾವು ಹೊರಟಾಗ ಯಾರೋ ಮಂಜಪ್ಪನ ಹತ್ತಿರ ಬೈಕಿನ ವಿಮೆಯ ಬಗ್ಗೆ ಮಾತು ತೆಗೆದಿದ್ದರು. ಭಾವನ ಬೆನ್ನ ಹಿಂದೆ ಇನ್ಯಾರೋ ಹಣೆಯ ಹತ್ತಿರ ಬೆರಳು ತಿರುಗಿಸಿ ತೋರಿಸುತ್ತಿದ್ದುದೂ ನನಗೆ ಕಂಡಿತು.

ಕಾರಿನಲ್ಲಿ ಕೂತ ಮೇಲೆ ನನ್ನ ಕೋಪ ಅರ್ಧ ಇಳಿದಿತ್ತು. ಇಳಿದ ಜಾಗದಲ್ಲಿ ಇನ್ನೊಂದು ಪ್ರಶ್ನೆ ಎದ್ದಿತ್ತು. ಮಂಜಪ್ಪನವರದೂ ಸರಿ, ಸಾಗರದವರದೂ ಸರಿ ಎಂದಾದರೆ ಸುಮಾಳ ಹತ್ತಿರ ಮಾಡಿಸಿದ್ದರಲ್ಲಿ ಏನು ವಿಶೇಷ?

"ಭಾವ, ನಿಜ ಹೇಳಿ. ಆ ಎರಡರಲ್ಲಿ ಎಂತ ಸರಿ ಇರ್ಲಿಲ್ಲ?"

ಹೊಸನಗರ ದಾಟಿ ಮರಗಳ ನಡುವೆ ರಸ್ತೆ ತಿರುಗುವಲ್ಲಿ ಒಂದು ಲಾರಿಗೆ ದಾರಿ ಬಿಟ್ಟು ಪಕ್ಕಕ್ಕೆ ನಿಲ್ಲಿಸಿದರು. ಲಾರಿ ಹೋದ ಮೇಲೂ ಗಾಡಿ ಹೊರಡಿಸಲಿಲ್ಲ.

"ಮಂಜಪ್ಪ ಒಳ್ಳೇ ಮನಸಲ್ಲೇ ಮಾಡಿದ್ರು. ಪಕ್ಕದ ಸೀಟಲ್ಲಿ ಕೂರೋರಿಗೂ ಇರ್ಲಿ ಅಂತ ನಿನ್ನ ಅಕ್ಕನ ಹೆಸ್ರು ಹಾಕ್ಸಿದ್ರು. ದಾರಿಲಿ ಅವ್ಳಿಗೆ ಹೆಚ್ಚುಕಮ್ಮಿ ಆದ್ರೆ ಇಷ್ಟು ದುಡ್ಡು ಅಂತ ಬರ್ದು, ಅದರ ಮುಂದೆ, ಆ ದುಡ್ಡು ತಗಳೋನು ಅಂತ ನನ್ನ ಹೆಸ್ರು."

ಭಾವ ಖಾಲಿ ರಸ್ತೆಯನ್ನೇ ನೋಡುತ್ತ ಮುಂದುವರಿಸಿದರು.

"ಅದ್ನ ಓದ್ದೆ. ಆಮೇಲೆ ಅವ್ಳು ಟೀ ತಂದು ಕೊಟ್ಲು. ಕುಡಿಯಕ್ಕಾಗ್ಲಿಲ್ಲ ಪುಟ್ಟಿ. ಅಂಥದಕ್ಕೆ ನಾನು ದುಡ್ಡು ಕಟ್ಟಿದೀನಿ, ಮಾಡ್ಸಿ ಮನೆಲಿ ಇಟ್ಕೊಂಡಿದೀನಿ ಅಂದ್ರೆ, ಅದೇ ಕಾರಲ್ಲಿ ಅವ್ಳನ್ನ ಕೂರಿಸ್ಕೊಂಡು ಹೆಂಗೆ ಓಡಿಸ್ಲಿ? ಸಾಗರದ ಹುಡುಗಿ ಅದನ್ನೇ ನೋಡಿ ಇಳಿಸಿದ್ಲು. ನಂಗೇನಾದ್ರೂ ಆದ್ರೆ ಅವ್ಳಿಗೆ ಬರ್ಲಿ, ಅದು ಇರ್ಲಿ. ಇದು ಬೇಡ. ಸುಮಾನ ಹತ್ರ ಪಕ್ಕದ ಸೀಟಿನ ಸಾಲು ತೆಗೆಸ್ದೆ."

"ಇಷ್ಟೇ ಆಗಿದ್ರೆ ಮೊದಲೇ ಮಂಜಪ್ಪನ ಹತ್ರ ಹೇಳ್ಬೋದಿತ್ತಲ್ಲ ಭಾವ? ಅವ್ರೇ ತೆಗೆಸಿ ಕೊಡ್ತಿದ್ರು. ಇಷ್ಟೆಲ್ಲ ಓಡಾಟ, ಜನರ ಹತ್ರ ನಗೆಪಾಟಲು..."

"ಹೆಂಗೆ ಹೇಳದು? ಹೇಳ್ಬೇಕಾದ್ರೆ ಮೊದ್ಲು ಬಾಯಿ ಬಿಟ್ಟು 'ಅವ್ಳು ಸತ್ರೆ' ಅಂತ ಹೇಳ್ಬೇಕಲ್ಲೇ. ಅದು ಬರ್ಲಿಲ್ಲ. ಸುಮಾನ ಹತ್ರನೂ ಬೆರಳಿಟ್ಟು ತೋರ್ಸಿದೆ ಅಷ್ಟೇ."

ಅಷ್ಟು ಹೇಳಿ, ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಗಾಡಿ ಹೊರಡಿಸಿದರು. ಅಕ್ಕನ ಮುಖ ನೋಡಿಯೇ ಹೋಗೋಣವೆಂದು ನಾನೂ ಸಾಗರದ ತನಕ ಹೋದೆ.

ಗೇಟಿನ ಹತ್ತಿರ ಅಕ್ಕ ನಿಂತಿದ್ದಳು. ನನ್ನನ್ನು ಕಂಡು ಮುಖ ಅರಳಿತು, ಭಾವನನ್ನು ಕಂಡು ದನಿ ಏರಿತು. "ಆ ಇನ್ಶೂರೆನ್ಸ್ ರಾಮಾಯಣ ಮುಗೀತಾ? ಹೊಸನಗರದಿಂದ ಆಗ್ಲೇ ಫೋನ್ ಬಂತು ನಂಗೆ. ಹೋಟೆಲಲ್ಲಿ ಕೂತು 'ನಂಗೆ ತಲೆ ಸರಿ ಇಲ್ಲ' ಅಂತ ಸಾರಿ ಬಂದ್ರಂತೆ! ಅಲ್ಲ, ಅಷ್ಟಕ್ಕೂ ಎಂತ ಆಗಿತ್ತು ಅದಕ್ಕೆ? ಅದನ್ನಾದ್ರೂ ಹೇಳಿ!"

ಭಾವ ಕಾರಿನ ಬಾಗಿಲು ಹಾಕಿ ಅವಳನ್ನೇ ಒಂದು ಸಲ ನೋಡಿದರು.

"ಎಂತ ಇಲ್ಲ ಮಾರಾಯ್ತಿ," ಎಂದರು. "ಅದರ ಬಣ್ಣ ಚೆನ್ನಾಗಿರ್ಲಿಲ್ಲ."

"ಇನ್ಶೂರೆನ್ಸಿಗೆ ಬಣ್ಣ!" ಅಕ್ಕ ಹಣೆ ಚಚ್ಚಿಕೊಂಡಳು. ಆಮೇಲೆ ತಡೆಯಲಾಗದೆ ನಗುತ್ತ, ನಗುತ್ತಲೇ ಬೈಯುತ್ತ, ಸಾರು ಬಿಸಿ ಮಾಡಲು ಒಳಗೆ ಹೋದಳು. ಅವಳ ನಗು ಅಡಿಗೆಮನೆಯಿಂದಲೂ ಕೇಳುತ್ತಿತ್ತು. ಭಾವ ಗೇಟಿನ ಹತ್ತಿರವೇ ನಿಂತು ಅದನ್ನು ಕೇಳುತ್ತಿದ್ದರು.